ಅರಿತವರು ಅರುಹಬಲ್ಲರೆ?

ಬೆರಳ ತುದಿಯನ್ನು ಸೂಜಿಯಿಂದ ಚುಚ್ಚಿ, ಒಸರಿದ ರಕ್ತವನ್ನು ಗಾಜಿನ ಸಣ್ಣ ಪಿಪೆಟ್ಟಿನಲ್ಲಿ 0.5 ಎಂಬ ಗುರುತಿನವರೆಗೆ ಹೀರಿ, ಅದರ ಹಿಂದೆಯೇ ಹೇಯಮ್ಸ್ ದ್ರಾವಣವನ್ನು 101 ಎಂಬ ಗುರುತಿನವರೆಗೆ ಎಳೆದುಕೊಂಡು, ನಡುವಣ ಬಲ್ಬಿನೊಳಗಿರುವ ಕೆಂಪು ಮಣಿ ಅತ್ತಿಂದಿತ್ತ ಹೊರಳಾಡುವಂತೆ ಅಂಗೈಗಳ ನಡುವೆ ಮೆಲ್ಲನೆ ಉರುಳಿಸುವುದು—ವೈದ್ಯಕೀಯ ಕಾಲೇಜಿಗೆ ಸೇರಿದ ಹುಡುಗ ಹುಡುಗಿಯರು ತಮ್ಮ ಮೊದಲ ವರ್ಷದಲ್ಲಿ ಕಲಿಯುತ್ತ ಬಂದಿರುವ ಕೆಲಸಗಳಲ್ಲಿ ಇದೂ ಒಂದು. ರಕ್ತದ ಕೆಂಪು ಕಣಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಎಣಿಸುವುದಕ್ಕೆ ಇದು ಪೂರ್ವಸಿದ್ಧತೆ. ಬಹಳ ವರ್ಷಗಳ ಹಿಂದೆ, ಶರೀರಕ್ರಿಯಾಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿ ಇನ್ನೂ ಎರಡು ವಾರವೂ ಕಳೆಯದಿದ್ದ ನನ್ನನ್ನು ಇಂಥದೊಂದು ತರಗತಿಯ ನಡುವೆ ನಿಲ್ಲಿಸಿ, “ಈ ಬ್ಯಾಚು ನಿಮ್ಮದು” ಎಂದಷ್ಟೆ ಹೇಳಿ ಹಿರಿಯರು ಹೊರಟುಹೋದರು.

ಎಣಿಸುವ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಆದಕಾರಣ ಧೈರ್ಯವಾಗಿಯೇ ಮೇಜಿನಿಂದ ಮೇಜಿಗೆ ಹೋಗಿ ಪಿಪೆಟ್ಟು ಹಿಡಿಯುವ ಬಗೆಯನ್ನು ತೋರಿಸುತ್ತಿದ್ದೆ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ರಕ್ತ ಅರ್ಧ ಪಾಲು, ಒಟ್ಟು ನೂರ ಒಂದು ಪಾಲು. ಹಾಗಾದರೆ ರಕ್ತ ಇನ್ನೂರ ಎರಡು ಪಟ್ಟು ತೆಳುವಾಗಬೇಕಲ್ಲ, ಪುಸ್ತಕದಲ್ಲಿ ಇನ್ನೂರು ಅಂತ ಯಾಕಿದೆ?” ನನಗೆ ಉತ್ತರ ತಿಳಿಯಲಿಲ್ಲ. “ಫಾರ್ಮುಲಾ ಹಾಗೆಯೇ ಇದೆ, ಬರೆದುಕೊಳ್ಳಮ್ಮ” ಎಂದೆ. ಆಕೆ ತಲೆ ತಗ್ಗಿಸಿ ಬರೆದುಕೊಂಡಳು. ಆ ವರ್ಷವಿಡೀ ನನ್ನನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಉತ್ತರ ಕ್ಲಿಷ್ಟವಾದುದೇನೂ ಆಗಿರಲಿಲ್ಲ. ಮೊದಲು ಹೀರಿದ ರಕ್ತವೆಲ್ಲ ಬಲ್ಬಿನೊಳಕ್ಕೆ ಹೋಗಿಬಿಡುತ್ತದೆ. ಪಿಪೆಟ್ಟಿನ ಕಾಂಡದಲ್ಲಿ ಕೊನೆಗೆ ಉಳಿಯುವ ಒಂದು ಪಾಲು ಬರಿಯ ದ್ರಾವಣವಾಗಿದ್ದು, ಅದು ರಕ್ತದೊಡನೆ ಬೆರೆಯುವುದೇ ಇಲ್ಲ. ಬೆರೆಯುವುದು ಬಲ್ಬಿನೊಳಗಿನ ನೂರು ಪಾಲು ಮಾತ್ರ; ನೂರರಲ್ಲಿ ಅರ್ಧವೆಂದರೆ ಇನ್ನೂರರಲ್ಲಿ ಒಂದು. ಅದೇ ಸಂಜೆ ಪುಸ್ತಕ ತಿರುವಿ ಇಷ್ಟನ್ನು ನಾನು ತಿಳಿದುಕೊಂಡೆ. ಆದರೆ ತಿಳಿಯದ ಪ್ರಶ್ನೆ ಎದುರಾದಾಗ “ಒಳ್ಳೆಯ ಪ್ರಶ್ನೆ, ಬಾ, ಪಿಪೆಟ್ಟನ್ನೇ ನೋಡೋಣ” ಎಂದು ಆ ಮಗುವಿನೊಡನೆ ಕುಳಿತು ಹುಡುಕಬಹುದಾಗಿತ್ತೆಂಬುದು ನನಗೆ ಹೊಳೆಯಲು ಎಷ್ಟೋ ವರ್ಷ ಹಿಡಿಯಿತು. ಏಕೆಂದರೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾದ ವಿಷಯ ಅದೆಂದು ಯಾರಿಗೂ ತೋರಿಯೂ ಇರಲಿಲ್ಲ.

ಐದನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿಯನ್ನು ಹೇಳಿಕೊಡಬೇಕೆನ್ನುವವನು ನಮ್ಮ ನಾಡಿನಲ್ಲಿ ತರಬೇತಿ ಕಾಲೇಜಿಗೆ ಹೋಗಬೇಕು, ಪಾಠಯೋಜನೆಗಳನ್ನು ಬರೆಯಬೇಕು, ಅನುಭವಸ್ಥರಾದ ಉಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿರುವಾಗ ನಿಜವಾದ ಮಕ್ಕಳ ಮುಂದೆ ಅಭ್ಯಾಸಪಾಠಗಳನ್ನು ಮಾಡಿ ತೋರಿಸಬೇಕು. ಹೃದಯದ ಬಡಿತವನ್ನೂ ಮೂತ್ರಪಿಂಡದ ಸೋಸುವಿಕೆಯನ್ನೂ ರೋಗಾಣುಗಳ ನಡೆವಳಿಕೆಯನ್ನೂ ನಾಳಿನ ವೈದ್ಯರಿಗೆ, ದಾದಿಯರಿಗೆ, ಔಷಧಶಾಸ್ತ್ರಜ್ಞರಿಗೆ ಬೋಧಿಸಬೇಕಾದವನಿಗಾದರೋ ವಿಷಯ ತಿಳಿದಿದ್ದರೆ ಸಾಕೆಂಬುದು ಲೋಕದ ಎಲ್ಲ ಕಡೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿರುವ ನಂಬಿಕೆ. ತಿಳಿದವನು ತಿಳಿಸಬಲ್ಲನೆಂಬ ಈ ನಂಬಿಕೆಯನ್ನು ಯಾವ ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸದೆ ವಿಜ್ಞಾನಿಗಳು ಒಪ್ಪಿಕೊಂಡರು. ಒಂದು ಕಿಣ್ವದ ವಿಷಯವಾಗಿ ನಾಲ್ಕು ಸಾಲು ಬರೆಯಬೇಕಾದರೆ ನಲವತ್ತು ಸಲ ಅಳೆದು ನೋಡುವ ಜನ, ತಮ್ಮ ಜೀವಿತದ ಅರ್ಧವನ್ನು ತೆಗೆದುಕೊಳ್ಳುವ ಬೋಧನೆಯ ವಿಷಯದಲ್ಲಿ ಒಂದು ಸಲವೂ ಅಳೆಯದೆ ಹೋದರೆಂಬುದು ನನ್ನನ್ನು ಬಹಳ ಕಾಲ ಕಾಡಿದ ಸಂಗತಿ.

ಇದಕ್ಕೆ ಚಾರಿತ್ರಿಕವಾದ ಕಾರಣಗಳುಂಟು. ‘ಡಾಕ್ಟರ್’ ಎಂಬ ಶಬ್ದ ಹುಟ್ಟಿದ್ದೇ ಲ್ಯಾಟಿನ್ ಭಾಷೆಯಲ್ಲಿ ‘ಕಲಿಸು’ ಎಂಬರ್ಥದ ಧಾತುವಿನಿಂದ. ಮಧ್ಯಯುಗದ ಯೂರೋಪಿನಲ್ಲಿ ಆ ಪದವಿ ಪಾಠ ಹೇಳುವುದಕ್ಕೆ ಕೊಟ್ಟ ಅನುಮತಿಯಾಗಿತ್ತು. 1810ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ವಿದ್ವತ್ತಿನ ತಿರುಳೆಂದು ಸಾರಿತು. ಆ ಮಾದರಿಯನ್ನು 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಎತ್ತಿಕೊಂಡಿತು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್ನರ್ ಅವರು ಅಮೆರಿಕ ಮತ್ತು ಕೆನಡಗಳ 155 ವೈದ್ಯಶಾಲೆಗಳನ್ನು ಕಣ್ಣಾರೆ ಕಂಡು ಬರೆದ ವರದಿಯ ತರುವಾಯ ವೈದ್ಯಶಿಕ್ಷಣವೂ ಪ್ರಯೋಗಶಾಲೆಯ ವಿಜ್ಞಾನದ ತಳಹದಿಯ ಮೇಲೆ ನಿಂತಿತು. ಇದರಿಂದ ಲೋಕಕ್ಕೆ ಮಹದುಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಾಠದ ಅನುಮತಿಪತ್ರವಾಗಿದ್ದ ಪದವಿ ಸಂಶೋಧನೆಯ ಅರ್ಹತಾಪತ್ರವಾಗಿ ಮಾರ್ಪಟ್ಟಾಗ, ಪಾಠ ಹೇಳುವ ವಿದ್ಯೆ ಯಾರ ಹೊಣೆಯೂ ಅಲ್ಲದೆ ಉಳಿಯಿತು.

ಈ ವಿಸ್ಮೃತಿಯನ್ನು ಮೊದಲು ಗಂಭೀರವಾಗಿ ಎದುರಿಸಿದವರಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯರು ಪ್ರಮುಖರು. ನ್ಯೂಯಾರ್ಕ್ ಸಂಸ್ಥಾನದ ಬಫಲೋ ಪಟ್ಟಣದಲ್ಲಿ ಅಧ್ಯಾಪಕರಾಗಿದ್ದ ಅವರು 1950ರ ದಶಕದಲ್ಲಿ ಸ್ಟೀಫನ್ ಏಬ್ರಹಾಂಸನ್ ಎಂಬ ಶಿಕ್ಷಣತಜ್ಞರನ್ನು ಜೊತೆಗೆ ಕರೆದುಕೊಂಡು, ವೈದ್ಯಶಿಕ್ಷಕರಿಗೆ ಶಿಕ್ಷಣಶಾಸ್ತ್ರವನ್ನು ಪರಿಚಯ ಮಾಡಿಕೊಡುವ ಕಾರ್ಯವನ್ನು ಆರಂಭಿಸಿದರು. ವೈದ್ಯರೂ ಶಿಕ್ಷಣತಜ್ಞರೂ ಒಂದೇ ಮೇಜಿನ ಸುತ್ತ ಕುಳಿತದ್ದು ಅಂದಿಗೆ ಹೊಸ ಸಂಗತಿ. ಅನಂತರ 1963ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಮೈಕ್ರೋಟೀಚಿಂಗ್’ ಎಂಬ ಕ್ರಮ—ಐದು ಹತ್ತು ನಿಮಿಷಗಳ ಪುಟ್ಟ ಪಾಠವನ್ನು ನಾಲ್ಕೈದು ಮಂದಿಯ ಮುಂದೆ ಮಾಡಿ, ನೋಡಿದವರ ಅಭಿಪ್ರಾಯವನ್ನು ಕೇಳಿ, ತಿದ್ದಿಕೊಂಡು, ಅದೇ ಪಾಠವನ್ನು ಮತ್ತೆ ಮಾಡುವುದು—ಇಂದು ನಮ್ಮ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿಭಾಗಗಳಲ್ಲಿಯೂ ಬಳಕೆಯಲ್ಲಿದೆ.

ಅಂಥದೊಂದು ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಕಂಡದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಉಸಿರಾಟದ ಸಂಶೋಧನೆಯಲ್ಲಿ ಮೂರು ವರ್ಷ ಕಳೆದಿದ್ದ ಬುದ್ಧಿವಂತನಾದ ತರುಣನೊಬ್ಬ, ನಾವು ಉಸಿರನ್ನು ಒಳಕ್ಕೆ ಎಳೆದುಕೊಳ್ಳುವುದು ಹೇಗೆ ಎಂಬುದನ್ನು ವಿವರಿಸಬೇಕಾಗಿತ್ತು. ಜೇಬಿನಿಂದ ಕೆಂಪು ಬಲೂನೊಂದನ್ನು ತೆಗೆದು, ಊದಿ ಉಬ್ಬಿಸಿ, “ಶ್ವಾಸಕೋಶ ಎಂದರೆ ಹೀಗೆ” ಎಂದ. ಎಲ್ಲರ ಮುಖವೂ ಅರಳಿತು. ಮಾತು ಸ್ಪಷ್ಟವಾಗಿತ್ತು, ಚಿತ್ರಗಳು ಅಂದವಾಗಿದ್ದವು, ಹೇಳಿದ್ದರಲ್ಲಿ ತಪ್ಪೆಂಬುದಿರಲಿಲ್ಲ. ಹತ್ತು ನಿಮಿಷಕ್ಕೆ ಸರಿಯಾಗಿ ಪಾಠ ಮುಗಿಯಿತು. ಆಗ ಮಾರ್ಗದರ್ಶಕಿಯೊಬ್ಬರು ಕೇಳುಗರಾಗಿ ಕರೆತಂದಿದ್ದ ಮೊದಲ ವರ್ಷದ ಆರು ಮಂದಿ ವಿದ್ಯಾರ್ಥಿಗಳಿಗೆ ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು: ‘ಗಾಳಿ ಒಳಕ್ಕೆ ಬರುವುದರಿಂದ ಎದೆ ಹಿಗ್ಗುತ್ತದೆಯೋ, ಎದೆ ಹಿಗ್ಗುವುದರಿಂದ ಗಾಳಿ ಒಳಕ್ಕೆ ಬರುತ್ತದೆಯೋ?’ ಆರರಲ್ಲಿ ಐವರು, ಗಾಳಿ ಬರುವುದರಿಂದ ಎದೆ ಹಿಗ್ಗುತ್ತದೆ ಎಂದು ಬರೆದಿದ್ದರು. ತರುಣನ ಮುಖ ಬಾಡಿತು. “ಎದೆ ಮೊದಲು ಹಿಗ್ಗುತ್ತದೆ ಅಂತ ನಾನು ಎರಡು ಸಲ ಹೇಳಿದೆನಲ್ಲ ಮೇಡಂ” ಎಂದ. “ಹೇಳಿದಿರಿ, ಆದರೆ ತೋರಿಸಿದ್ದು ಬಲೂನನ್ನು” ಎಂದರು ಆಕೆ.

ನಿಜಸ್ಥಿತಿ ಬಲೂನಿಗೆ ತೀರ ವಿರುದ್ಧವಾದದ್ದು. ಎದೆಗೂ ಹೊಟ್ಟೆಗೂ ನಡುವೆ ತೆರೆಯಂತಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಜಗ್ಗುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎದೆಗೂಡು ವಿಶಾಲವಾಗಿ, ಅದರೊಡನೆ ಶ್ವಾಸಕೋಶವೂ ಹಿಗ್ಗಿ, ಒಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ಒಂದು ಮಿಲಿಮೀಟರ್ ಪಾದರಸದಷ್ಟು ಕಡಿಮೆಯಾಗುತ್ತದೆ. ಅಷ್ಟು ಅಲ್ಪವಾದ ವ್ಯತ್ಯಾಸವೇ ಸಾಕಾಗಿ ಗಾಳಿ ತಾನಾಗಿ ಒಳಕ್ಕೆ ಹರಿಯುತ್ತದೆ. ಇದು ಬಲೂನಲ್ಲ, ಕಮ್ಮಾರನ ತಿದಿ. ತಿದಿಯ ಬಾಯಿಗೆ ಯಾರೂ ಗಾಳಿ ಊದುವುದಿಲ್ಲ. ಅದರ ಹಲಗೆಗಳನ್ನು ಅಗಲಿಸಿದಾಗ ಗಾಳಿ ತಾನೇ ಒಳಕ್ಕೆ ಬರುತ್ತದೆ. ಈ ಭೇದ ಪರೀಕ್ಷೆಯ ಎರಡು ಅಂಕಗಳ ಮಾತಲ್ಲ. ಎದೆಗೆ ಇರಿತವಾದ ಗಾಯಾಳುವಿನ ಶ್ವಾಸನಾಳ ಸರಿಯಾಗಿಯೇ ಇದ್ದರೂ ಶ್ವಾಸಕೋಶ ಏಕೆ ಕುಸಿಯುತ್ತದೆ ಎಂಬುದು ಬಲೂನನ್ನು ಮನಸ್ಸಿನಲ್ಲಿಟ್ಟುಕೊಂಡ ವೈದ್ಯನಿಗೆ ಎಂದಿಗೂ ಬಗೆಹರಿಯುವುದಿಲ್ಲ. ಕೃತಕ ಉಸಿರಾಟದ ಯಂತ್ರ ಗಾಳಿಯನ್ನು ಒಳಕ್ಕೆ ತಳ್ಳುವಾಗ ಹೃದಯಕ್ಕೆ ಮರಳುವ ರಕ್ತ ಏಕೆ ಕಡಿಮೆಯಾಗುತ್ತದೆ ಎಂಬುದೂ ಅಷ್ಟೆ. ಮೊದಲ ವರ್ಷದಲ್ಲಿ ನೆಟ್ಟ ತಪ್ಪು ಚಿತ್ರ ರೋಗಿಯ ಮಂಚದವರೆಗೂ ನಡೆದುಹೋಗಬಲ್ಲದು.

ಆ ತರುಣ ಒಂದು ವಾರದ ಮೇಲೆ ಅದೇ ಪಾಠವನ್ನು ಮತ್ತೆ ಮಾಡಿದ. ಈ ಸಲ ಬಲೂನಿರಲಿಲ್ಲ. ಪಾಠಕ್ಕೆ ಮುಂಚೆಯೇ ಆ ಪ್ರಶ್ನೆಯನ್ನು ಕೇಳಿ, ಕೈ ಎತ್ತಿಸಿ, ಎರಡು ಪಕ್ಷದವರೂ ಪರಸ್ಪರ ವಾದ ಮಾಡುವಂತೆ ಬಿಟ್ಟು, ಅನಂತರ ಎಲ್ಲರೂ ಮೂಗು ಬಾಯಿಗಳನ್ನು ಮುಚ್ಚಿಕೊಂಡು ಉಸಿರೆಳೆಯಲು ಪ್ರಯತ್ನಿಸಿರೆಂದ. ಗಾಳಿ ಒಂದಿನಿತೂ ಒಳಕ್ಕೆ ಬಾರದಿದ್ದರೂ ಎದೆ ಹಿಗ್ಗಲು ಸೆಣಸುತ್ತಿರುವುದು ಪ್ರತಿಯೊಬ್ಬರ ಅಂಗೈಗೂ ತಾಕಿತು. ಹಾಸನದ ಕಡೆಯ ಹುಡುಗನೊಬ್ಬ, “ಸರ್, ಇದು ನಮ್ಮೂರ ಕುಲುಮೆಯ ತಿದಿ ಇದ್ದ ಹಾಗೆ” ಎಂದು ತಾನಾಗಿಯೇ ಹೇಳಿದ. ಉಪಮಾನ ಉಪಾಧ್ಯಾಯನ ಜೇಬಿನಿಂದ ಬರುವುದಕ್ಕಿಂತ ವಿದ್ಯಾರ್ಥಿಯ ಊರಿನಿಂದ ಬಂದಾಗ ಎಷ್ಟು ಭದ್ರವಾಗಿ ನಿಲ್ಲುತ್ತದೆಂಬುದನ್ನು ಅಂದು ಕಂಡೆ.

ಇಷ್ಟೆಲ್ಲ ಒಬ್ಬ ಸಂಶೋಧನ ವಿದ್ಯಾರ್ಥಿಗೆ ಕಲಿಸಬಹುದಾದದ್ದೇ ಎಂದು ಕೇಳುವವರಿಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದೃಷ್ಟಾಂತವನ್ನು ಕೊಡುವುದು ಯುಕ್ತ. ಅಲ್ಲಿನ ಮ್ಯಾಡಿಸನ್ ಪಟ್ಟಣದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ಜೋ ಹ್ಯಾಂಡೆಲ್ಸ್‌ಮನ್ ಎಂಬ ವಿಜ್ಞಾನಿ, ತಮ್ಮ ಸಹೋದ್ಯೋಗಿಗಳೊಡನೆ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ‘ವೈಜ್ಞಾನಿಕ ಬೋಧನೆ’ ಎಂಬರ್ಥದ ಶಿರೋನಾಮೆಯುಳ್ಳ ಲೇಖನವನ್ನು ಪ್ರಕಟಿಸಿದರು. ವಿಜ್ಞಾನವನ್ನು ಬೋಧಿಸುವಾಗಲೂ ವಿಜ್ಞಾನಿಯ ಶಿಸ್ತನ್ನೇ ಪಾಲಿಸಬೇಕು, ಅಂದರೆ ಊಹೆ, ಪ್ರಯೋಗ, ಪ್ರಮಾಣ, ತಿದ್ದುಪಡಿ—ಇವು ತರಗತಿಯೊಳಕ್ಕೂ ಬರಬೇಕೆಂಬುದು ಅವರ ವಾದದ ಸಾರ. ವಾದಕ್ಕೇ ನಿಲ್ಲದೆ, ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಪಿಎಚ್.ಡಿ. ಮುಗಿಸಿದ ತರುಣ ವಿಜ್ಞಾನಿಗಳಿಗೂ ಬೋಧನೆಯ ಕ್ರಮಬದ್ಧವಾದ ತರಬೇತಿಯನ್ನು ಅಲ್ಲಿ ಆರಂಭಿಸಿದರು. 2003ರಲ್ಲಿ ಅದೇ ಊರನ್ನು ಕೇಂದ್ರವಾಗಿಟ್ಟುಕೊಂಡು, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ, ಸಂಶೋಧನೆ ಬೋಧನೆಗಳನ್ನು ಒಂದುಗೂಡಿಸುವ ಮತ್ತೊಂದು ಕೇಂದ್ರವೂ ಹುಟ್ಟಿ, ಕಾಲಕ್ರಮದಲ್ಲಿ ಹಲವಾರು ವಿಶ್ವವಿದ್ಯಾಲಯಗಳ ಕೂಟವಾಗಿ ಬೆಳೆಯಿತು.

ಇಂಥ ತರಬೇತಿಯ ಕ್ರಮ ಸರಳವಾದದ್ದು, ಆದರೆ ಸುಲಭವಾದದ್ದಲ್ಲ. ತರುಣ ಅಧ್ಯಾಪಕ ಮೊದಲು ‘ನಾನು ಏನನ್ನು ಹೇಳಲಿ’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಿರಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅವನು ಹಾಗೆ ಮಾಡಬಲ್ಲನೆಂಬುದು ತನಗೆ ಯಾವುದರಿಂದ ತಿಳಿಯುತ್ತದೆಂಬುದನ್ನು ಅದರ ಕೆಳಗೆ ಬರೆಯಬೇಕು. ಇವೆರಡೂ ಸಿದ್ಧವಾದ ಮೇಲೆಯೇ ತರಗತಿಯ ಐವತ್ತು ನಿಮಿಷಗಳನ್ನು ಹೇಗೆ ಬಳಸಬೇಕೆಂದು ಯೋಚಿಸಬೇಕು. ಮೂತ್ರಪಿಂಡದ ಮೇಲೆ ಹತ್ತು ಸಂಶೋಧನ ಲೇಖನಗಳನ್ನು ಬರೆದವರೂ ಈ ಮೊದಲ ವಾಕ್ಯವನ್ನು ಬರೆಯಲು ಕುಳಿತಾಗ ಬೆವರುವುದನ್ನು ನಾನು ನೋಡಿದ್ದೇನೆ. ‘ವಿದ್ಯಾರ್ಥಿಗೆ ಮೂತ್ರಪಿಂಡದ ಕಾರ್ಯ ಅರ್ಥವಾಗಿರಬೇಕು’ ಎಂದು ಬರೆದರೆ ಮಾರ್ಗದರ್ಶಕರು ಒಪ್ಪುವುದಿಲ್ಲ. ಅರ್ಥವಾಗಿದೆಯೆಂಬುದನ್ನು ಕಣ್ಣಿನಿಂದ ಕಾಣುವುದು ಹೇಗೆಂದು ಕೇಳುತ್ತಾರೆ. ‘ಬಿಸಿಲಿನಲ್ಲಿ ಇಡೀ ದಿನ ದುಡಿದು ನೀರು ಕುಡಿಯದ ಕೂಲಿಯವನ ಮೂತ್ರ ಏಕೆ ಗಾಢವಾಗುತ್ತದೆಂಬುದನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಕಾರಣಸಹಿತ ವಿವರಿಸಬಲ್ಲನು’ ಎಂದು ಬರೆದಾಗ ಪಾಠದ ಅರ್ಧ ಸಿದ್ಧವಾದಂತೆಯೇ.

ಹೀಗೆ ತರಬೇತಿ ಪಡೆದ ಅನನುಭವಿ, ತರಬೇತಿಯಿಲ್ಲದ ಅನುಭವಿಯ ಸರಿಸಮಕ್ಕೆ ಬರಬಲ್ಲನೆ? ಕೆನಡದ ವ್ಯಾಂಕೂವರಿನಲ್ಲಿ ನಡೆದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿತು. ಭೌತಶಾಸ್ತ್ರದಲ್ಲಿ ನೊಬೆಲ್ ಪುರಸ್ಕಾರ ಪಡೆದು, ತರುವಾಯ ವಿಜ್ಞಾನಬೋಧನೆಯ ಸುಧಾರಣೆಗೇ ತಮ್ಮನ್ನು ಒಪ್ಪಿಸಿಕೊಂಡ ಕಾರ್ಲ್ ವೀಮನ್ ಅವರು ಇದರ ಹಿಂದಿದ್ದರು. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಭೌತಶಾಸ್ತ್ರದ ತರಗತಿಯೊಂದರ ಎರಡು ವಿಭಾಗಗಳಲ್ಲಿ ತಲಾ 270ರಷ್ಟು ವಿದ್ಯಾರ್ಥಿಗಳಿದ್ದರು. ಒಂದು ವಿಭಾಗಕ್ಕೆ ವಿದ್ಯಾರ್ಥಿಗಳ ಮೆಚ್ಚುಗೆ ಪಡೆದಿದ್ದ ಅನುಭವಸ್ಥ ಪ್ರಾಧ್ಯಾಪಕರು ಎಂದಿನಂತೆ ಉಪನ್ಯಾಸ ಕೊಟ್ಟರು. ಮತ್ತೊಂದಕ್ಕೆ, ಬೋಧನೆಯ ಅನುಭವ ಸ್ವಲ್ಪವೇ ಇದ್ದರೂ ಬೋಧನಕ್ರಮದಲ್ಲಿ ತರಬೇತಿ ಹೊಂದಿದ್ದ ಪಿಎಚ್.ಡಿ. ಮುಗಿಸಿದ ತರುಣನೊಬ್ಬ, ಸಂಶೋಧನ ವಿದ್ಯಾರ್ಥಿನಿಯೊಬ್ಬಳ ಸಹಾಯದಿಂದ, ಪ್ರಶ್ನೆ ಚರ್ಚೆಗಳ ಮೂಲಕ ಅದೇ ವಿಷಯವನ್ನು ಪಾಠ ಮಾಡಿದ. ಮೂರು ಗಂಟೆಗಳ ಪಾಠದ ಬಳಿಕ ಕೊಟ್ಟ ಒಂದೇ ಪರೀಕ್ಷೆಯಲ್ಲಿ ಮೊದಲ ವಿಭಾಗದ ಸರಾಸರಿ ಅಂಕ ಶೇಕಡ 41, ಎರಡನೆಯದರದು ಶೇಕಡ 74. ಇದು ಒಂದು ವಾರದ ಪ್ರಯೋಗ, ಭೌತಶಾಸ್ತ್ರದ ಪ್ರಯೋಗ. ಇದನ್ನು ಯಥಾವತ್ತಾಗಿ ವೈದ್ಯಶಾಸ್ತ್ರಕ್ಕೆ ಅನ್ವಯಿಸುವುದು ಉಚಿತವಲ್ಲ. ಆದರೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಇಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲ ಅದೇ ದಿಕ್ಕಿಗೆ ಬೆರಳು ಮಾಡಿತು: ಬರಿಯ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಶೇಕಡ 33.8, ವಿದ್ಯಾರ್ಥಿಗಳನ್ನು ಚಿಂತನೆಗೆ ತೊಡಗಿಸಿದ ತರಗತಿಗಳಲ್ಲಿ ಶೇಕಡ 21.8.

ಸಂಶೋಧನೆಯ ಮಾರ್ಗದರ್ಶಕರು ಇದಕ್ಕೆ ಎತ್ತುವ ಆಕ್ಷೇಪ ಒಂದೇ, ಮತ್ತು ಅದು ಅಲ್ಲಗಳೆಯುವಂಥದಲ್ಲ: ಸಮಯವೆಲ್ಲಿದೆ? ಇಲಿಗಳು, ಜೀವಕೋಶಗಳು ವೇಳಾಪಟ್ಟಿಯನ್ನು ಓದುವುದಿಲ್ಲ; ಅನುದಾನಕ್ಕೆ ಗಡುವುಂಟು; ಪ್ರಬಂಧ ಮುಗಿಯದಿದ್ದರೆ ಪದವಿಯಿಲ್ಲ. ಪಾಠಕ್ಕೆ ಕೊಟ್ಟ ಪ್ರತಿ ಗಂಟೆಯೂ ಪ್ರಯೋಗದಿಂದ ಕಸಿದುಕೊಂಡ ಗಂಟೆಯೆಂದು ಅವರ ಭಾವನೆ. ಇದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. ಡೇವಿಡ್ ಫೆಲ್ಡನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 95 ಮಂದಿ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷದ ಮೊದಲಿಗೂ ಕೊನೆಗೂ ಬರೆದುಕೊಟ್ಟ ಸಂಶೋಧನ ಪ್ರಸ್ತಾಪಗಳನ್ನು ಹೋಲಿಸಿದರು. ಸಂಶೋಧನೆಯನ್ನು ಮಾತ್ರ ಮಾಡಿದವರಿಗಿಂತ, ಸಂಶೋಧನೆಯ ಜೊತೆಗೆ ಪಾಠವನ್ನೂ ಹೇಳಿದವರು ಪರೀಕ್ಷಿಸಬಲ್ಲ ಊಹೆಗಳನ್ನು ಕಟ್ಟುವುದರಲ್ಲಿಯೂ ಪ್ರಯೋಗವನ್ನು ಸರಿಯಾಗಿ ರೂಪಿಸುವುದರಲ್ಲಿಯೂ ಹೆಚ್ಚು ಮುಂದುವರಿದಿದ್ದರು. ಹದಿನೆಂಟು ವರ್ಷದ ಮಗುವಿನ ‘ಯಾಕೆ’ ಎಂಬ ಪ್ರಶ್ನೆಗೆ ನಿತ್ಯವೂ ಉತ್ತರ ಹುಡುಕುವವನು ತನ್ನ ಪ್ರಯೋಗವನ್ನೂ ಅದೇ ಪ್ರಶ್ನೆಯಿಂದ ತಿವಿದು ನೋಡುವುದು ಸಹಜವೇ ಸರಿ. ಪಿಪೆಟ್ಟಿನ ಕಾಂಡದಲ್ಲಿ ನಿಂತ ಆ ಒಂದು ಪಾಲು ದ್ರಾವಣವನ್ನು ನಾನು ನಿಜವಾಗಿ ಕಂಡದ್ದು, ಎಣಿಸಲು ಕಲಿತಾಗಲ್ಲ, ಎಣಿಸುವುದನ್ನು ಕಲಿಸಲು ಹೊರಟಾಗ.

ನಮ್ಮ ದೇಶದಲ್ಲಿ ಈ ವಿಷಯದ ಅರಿವು ಇಲ್ಲವೆಂದಲ್ಲ. ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ 1970ರ ದಶಕದಲ್ಲಿಯೇ ವೈದ್ಯಶಿಕ್ಷಕರ ರಾಷ್ಟ್ರೀಯ ತರಬೇತಿ ಕೇಂದ್ರ ಆರಂಭವಾಯಿತು. ಇಂದು ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೆ ಮೂರು ದಿನಗಳ ಮೂಲ ತರಬೇತಿಯುಂಟು; ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜುಗಳಂಥವು ಆ ಕಾರ್ಯಕ್ಕೆ ಕೇಂದ್ರಗಳಾಗಿ ದುಡಿದಿವೆ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವೇ, ವಿದ್ಯಾರ್ಥಿ ಏನನ್ನು ತಿಳಿದಿದ್ದಾನೆ ಎಂಬುದರಿಂದ ಏನನ್ನು ಮಾಡಬಲ್ಲನು ಎಂಬುದರ ಕಡೆಗೆ ತಿರುಗಿದೆ. ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ಕಿರಿಯರ ಬೋಧನೆಯಲ್ಲಿ ಪಾಲ್ಗೊಳ್ಳಬೇಕೆಂದು ನಿಯಮಗಳು ಬಹಳ ಹಿಂದಿನಿಂದಲೂ ಹೇಳುತ್ತಿವೆ. 2022ರ ನವೆಂಬರಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಯಾವ ವಿಷಯದಲ್ಲಿಯೇ ಆಗಲಿ ಪಿಎಚ್.ಡಿ. ಮಾಡುವವರೆಲ್ಲರೂ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಬರವಣಿಗೆಗಳಲ್ಲಿ ತರಬೇತಿ ಪಡೆಯಬೇಕೆಂದೂ, ವಾರಕ್ಕೆ 4ರಿಂದ 6 ಗಂಟೆಗಳ ಕಾಲ ಅವರನ್ನು ಟ್ಯುಟೋರಿಯಲ್, ಪ್ರಯೋಗಶಾಲೆ, ಮೌಲ್ಯಮಾಪನಗಳ ಕೆಲಸಕ್ಕೆ ನಿಯೋಜಿಸಬಹುದೆಂದೂ ವಿಧಿಸಿತು. 2011ರಲ್ಲಿ ಪದವಿ ತರಗತಿಗಳನ್ನು ತೆರೆದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿಗಳು ಬೋಧನೆಗೆ ನೆರವಾಗುವ ಪದ್ಧತಿ ಈಗಾಗಲೇ ರೂಢಿಯಲ್ಲಿದೆ.

ನನಗೆ ಕಾಣುವ ಕೊರತೆ ಎರಡು. ಮೂರು ದಿನಗಳ ತರಬೇತಿ ದೊರೆಯುವುದು ನೌಕರಿಗೆ ಸೇರಿದ ಮೇಲೆ, ಅಂದರೆ ಅಭ್ಯಾಸಗಳೆಲ್ಲ ಗಟ್ಟಿಯಾದ ಮೇಲೆ. ವಾರದ 4ರಿಂದ 6 ಗಂಟೆಗಳೋ, ಮಾರ್ಗದರ್ಶನವಿಲ್ಲದೆ ಹೋದರೆ ಹಾಜರಿ ಕರೆಯುವುದಕ್ಕೂ ರೆಕಾರ್ಡು ಪುಸ್ತಕಗಳಿಗೆ ಸಹಿ ಹಾಕುವುದಕ್ಕೂ ಉತ್ತರಪತ್ರಿಕೆಗಳ ಕಟ್ಟನ್ನು ಹೊರುವುದಕ್ಕೂ ಸಂದುಹೋಗುವ ಅಪಾಯವಿದೆ. ನೀರಿಗೆ ತಳ್ಳಿದರೆ ಈಜು ಬರುತ್ತದೆಂಬ ಮಾತನ್ನು ನಾನೂ ಕೇಳಿದ್ದೇನೆ. ಆದರೆ ಇಲ್ಲಿ ಮುಳುಗುವವನು ತಳ್ಳಿಸಿಕೊಂಡವನಲ್ಲ, ಅವನನ್ನು ನೆಚ್ಚಿ ಬೆಂಚಿನ ಮೇಲೆ ಕುಳಿತವನು.

ನಮ್ಮಲ್ಲಿ ಈ ತರಬೇತಿಗೆ ಸೇರಬೇಕಾದ ಮತ್ತೊಂದು ಅಂಗವುಂಟು. ವಿಸ್ಕಾನ್ಸಿನ್ನಿನವರು ತಮ್ಮ ಕ್ರಮಕ್ಕೆ ಆಧಾರವಾಗಿಟ್ಟುಕೊಂಡ ತತ್ತ್ವಗಳಲ್ಲಿ, ವಿದ್ಯಾರ್ಥಿಗಳು ಬಗೆಬಗೆಯ ಹಿನ್ನೆಲೆಗಳಿಂದ ಬಂದಿರುತ್ತಾರೆಂಬ ಎಚ್ಚರವೂ ಒಂದು. ಕರ್ನಾಟಕದ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕಾಲೇಜುಗಳಲ್ಲಿ ಈ ಎಚ್ಚರಕ್ಕೆ ಒಂದು ಹೆಸರಿದೆ: ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಅವನಿಗೆ ವಪೆ ಗೊತ್ತು, ‘ಡಯಾಫ್ರಮ್’ ಹೊಸದು. ಅಪಧಮನಿ ಗೊತ್ತು, ‘ಆರ್ಟರಿ’ ಅಪರಿಚಿತ. ಮೊದಲ ಆರು ತಿಂಗಳು ಅವನು ವಿಷಯದೊಡನೆ ಹೋರಾಡುವುದಕ್ಕಿಂತ ಹೆಚ್ಚಾಗಿ ಶಬ್ದದೊಡನೆ ಹೋರಾಡುತ್ತಾನೆ, ಮತ್ತು ತನಗೆ ತಿಳಿದಿರುವುದು ತಿಳಿದಿದೆಯೆಂದೇ ಅವನಿಗೆ ತಿಳಿಯದೆ ಹೋಗುತ್ತದೆ. ಪ್ರಾಧ್ಯಾಪಕರ ಮುಂದೆ ಬಾಯಿ ಬಿಡದ ಆ ಹುಡುಗ ತನಗಿಂತ ಐದಾರು ವರ್ಷ ಹಿರಿಯನಾದ ಸಂಶೋಧನ ವಿದ್ಯಾರ್ಥಿಯ ಮುಂದೆ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾನೆ. ಪ್ರಯೋಗಶಾಲೆಯ ಮೇಜಿನ ಬಳಿ, ಮೆಲುದನಿಯಲ್ಲಿ, “ಅಣ್ಣಾ, ಇದೊಂದು ಸ್ವಲ್ಪ ಹೇಳಿ” ಎಂದು. ಆ ಕ್ಷಣಕ್ಕೆ ಸಿದ್ಧನಾಗಿರುವ ಅಣ್ಣ ಅಥವಾ ಅಕ್ಕ, ಪದಕ್ಕೆ ಪದ ಜೋಡಿಸಿ, ಎರಡು ಭಾಷೆಗಳ ನಡುವೆ ಅವನಿಗೆ ಕಾಲುಸಂಕ ಹಾಕಿಕೊಡಬಲ್ಲರು. ಈ ಕೆಲಸವನ್ನು ಮತ್ತಾರೂ ಇಷ್ಟು ಚೆನ್ನಾಗಿ ಮಾಡಲಾರರೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದೆ ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ಕಿರೀಟ ಕಟ್ಟುತ್ತಿರಲಿಲ್ಲ. ಕೋಡಂಗಿಯ ವೇಷದಿಂದ ಆರಂಭಿಸಿ, ಬಾಲಗೋಪಾಲನಾಗಿ ಕುಣಿದು, ಪೂರ್ವರಂಗದಲ್ಲಿ ಹೆಜ್ಜೆ ಗಟ್ಟಿಮಾಡಿಕೊಂಡು, ಭಾಗವತರ ಕಣ್ಣಳತೆಯಲ್ಲಿ ತಪ್ಪಿ ತಿದ್ದಿಕೊಂಡು, ವರ್ಷಗಳ ಮೇಲೆ ಅವನು ದೊಡ್ಡ ವೇಷಕ್ಕೆ ಬರುತ್ತಿದ್ದನು. ಶವಚ್ಛೇದನದ ಮೇಜಿನ ಬಳಿ, ರಕ್ತಪರೀಕ್ಷೆಯ ಮೇಜಿನ ಬಳಿ ನಿಲ್ಲುವ ನಮ್ಮ ತರುಣರಿಗೂ ಇಂಥದೊಂದು ಪೂರ್ವರಂಗ ಬೇಕು: ಮೊದಲ ವರ್ಷ ಹಿರಿಯರ ಪಾಠವನ್ನು ಕುಳಿತು ನೋಡಿ ಬರೆದುಕೊಳ್ಳುವುದು, ಎರಡನೆಯ ವರ್ಷ ಆರು ಮಂದಿಗೆ ಹತ್ತು ನಿಮಿಷ ಹೇಳುವುದು, ಮೂರನೆಯ ವರ್ಷ ಅರವತ್ತು ಮಂದಿಯ ಒಂದು ತರಗತಿಯನ್ನು ಪೂರ್ತಿಯಾಗಿ ಹೊತ್ತುಕೊಳ್ಳುವುದು, ಪ್ರತಿ ಸಲವೂ ಪಾಠದ ಕೊನೆಗೆ ಒಂದು ಚೀಟಿ ಹಂಚಿ ವಿದ್ಯಾರ್ಥಿಗಳಿಗೆ ತಲುಪಿದ್ದೇನೆಂದು ಕಂಡುಕೊಳ್ಳುವುದು. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ದೊಡ್ಡ ಅನುದಾನವೂ ಬೇಡ.

ಬೇಕಾದದ್ದು ಸಂಶೋಧನೆಯ ಮಾರ್ಗದರ್ಶಕರ ಒಪ್ಪಿಗೆ. ಆದುದರಿಂದ ಅವರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ವಿದ್ಯಾರ್ಥಿಗೆ ವಾರದಲ್ಲಿ ಆ ನಾಲ್ಕು ಗಂಟೆಗಳನ್ನು ಮನಃಪೂರ್ವಕವಾಗಿ ಬಿಟ್ಟುಕೊಡಿ, ಅವರು ತರಗತಿಯಲ್ಲಿ ಮೊದಲ ಸಲ ಪಾಠಕ್ಕೆ ನಿಲ್ಲುವ ದಿನ ನಿಮ್ಮ ಕೆಲಸವನ್ನು ಒಂದು ಗಂಟೆ ಬದಿಗಿಟ್ಟು, ನೀವೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ.